ಐದನೆಯ ಹಕ್ಕಿ

ಕಣಕಟ್ಟೆ
19-1-2004

ಮೈಸೂರಿನಲ್ಲಿ ಕುಳಿತು ಕಣಕಟ್ಟೆ ಕೆರೆಯ ಹಕ್ಕಿ ಎಣಿಸಬೇಕೆಂದು ಆಸೆಪಟ್ಟಿರುವ ನನ್ನ ಅಕ್ಕನ ಮಗಳು ಇಂದುಗೆ,

ನೀನು ಕಳಿಸಿದ ಹಾಳೆಗಳು ತಲುಪಿದವು. ನಿಮ್ಮ ಸಂಸ್ಥೆಯವರು ಇಡೀ ಅರಸೀಕೆರೆ ತಾಲ್ಲೂಕಿನಲ್ಲಿ ಸರಿಯಾದ ಆಸಾಮಿಯನ್ನೇ ಹಿಡಿದಿದ್ದಾರೆ. ಇಪ್ಪತ್ತೆಂಟು ವರ್ಷದಿಂದ ನಾನು ಈ ಕೆರೆಯ ನೀರಗಂಟಿ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ಗಡಿಯಾರ ನೋಡದೆ ಹೇಳುವವನು ನಾನೊಬ್ಬನೇ. ತೂಬಿನ ಬಾಯಲ್ಲಿ ಕೂತಿದ್ದ ಮೊಸಳೆಯನ್ನು ಬರಿಗೈಯಲ್ಲಿ ಎಳೆದು ಹಾಕಿದವನೂ ನಾನೇ. ಅದು ಉಡ ಎಂದು ನಿನ್ನ ಅತ್ತೆ ಅನುಸೂಯಮ್ಮ ಹೇಳುತ್ತಾಳೆ. ಅವಳು ಆವತ್ತು ಅಲ್ಲಿರಲಿಲ್ಲ.

ಪಟ್ಟೆತಲೆ ಬಾತುಗಳು ಹಿಮಾಲಯ ದಾಟಿ ಬರುತ್ತವೆ ಎಂದು ಬರೆದಿದ್ದೀಯ. ಬರಲಿ. ಅಷ್ಟು ದೂರ ಬಂದವು ಇಳಿಯುವುದು ನನ್ನ ಕೆರೆಗೆ. ನಿನ್ನೆ ಭಾನುವಾರ ಬೆಳಿಗ್ಗೆ ಏರಿಯ ಮೇಲೆ ಹಾಳೆ ಹಿಡಿದು ಕೂತೆ. ಎಮ್ಮೆ ಹೊಡೆದುಕೊಂಡು ಬಂದ ಲಕ್ಕಪ್ಪ ನಿಂತು ನೋಡಿದ.

“ಏನ್ಲಾ ಮರಿಯಣ್ಣ, ಹಕ್ಕಿಗೂ ರೇಷನ್ ಕಾರ್ಡು ಬತ್ತದಾ?”

“ಊಂ ಕಣ್ಲಾ, ನಿನ್ನ ಹೆಸರು ಹೊಡೆದು ಅವುಕ್ಕೆ ಕೊಡ್ತಾರಂತೆ. ಅವು ನಿನ್ನಂಗೆ ಎರಡೆರಡು ಕಡೆ ತಗೊಳಾಕಿಲ್ಲ.”

ಹಾಳೆ ಇದರ ಜೊತೆ ಇದೆ. ಪಟ್ಟೆತಲೆ ಬಾತು: 332.

ನಮ್ಮ ಕರಿಮೇಕೆ ಮರಿ ಹಾಕಿದೆ. ಎಷ್ಟು ಎಂದು ನಿನ್ನ ಅಮ್ಮ ಕೇಳಿದರೆ, ಹಾಕಿದೆ ಎಂದು ಹೇಳು.

ಇಂತಿ ನಿನ್ನ ಸೋದರಮಾವ
ಮರಿಯಣ್ಣ, ಏಳನೇ ಕ್ಲಾಸು ಪಾಸು (ಮೊದಲನೇ ಸಲಕ್ಕೇ)


ಮೈಸೂರು
6-2-2004

ಪ್ರೀತಿಯ ಮಾವನಿಗೆ,

ಹಾಳೆ ಸಿಕ್ಕಿತು. ಮೊಸಳೆಯ ಕಥೆಯಲ್ಲಿ ಹೋದ ಸಲ ಬಾಲ ಇಷ್ಟು ಉದ್ದ ಇರಲಿಲ್ಲ ಎಂದು ಅಮ್ಮ ಹೇಳಿದಳು.

ನಿಮ್ಮ ಅಂಕಿ ಎಲ್ಲಿಗೆ ಹೋಗುತ್ತದೆ ಎಂದು ಹೇಳುತ್ತೇನೆ. ಅದು ನಮ್ಮ ಸಂಸ್ಥೆಯ ಕಂಪ್ಯೂಟರಿನಲ್ಲೇ ಇರುತ್ತದೆ. ಧಾರವಾಡದವರು ಎಣಿಸಿದ್ದು ಧಾರವಾಡದ ಕಂಪ್ಯೂಟರಿನಲ್ಲಿ, ಪುಣೆಯವರದು ಪುಣೆಯಲ್ಲಿ. ಎಲ್ಲವನ್ನೂ ಒಂದೇ ಕಡೆ ಯಾರೂ ಗುಡ್ಡೆ ಹಾಕುವುದಿಲ್ಲ. ಆದರೆ ಎಲ್ಲವೂ ಫೋನಿನ ತಂತಿಯಲ್ಲಿ ಒಂದಕ್ಕೊಂದು ಸೇರಿಕೊಂಡಿವೆ. ಜರ್ಮನಿಯಲ್ಲಿ ಒಬ್ಬರು “ಈ ವಾರ ಪಟ್ಟೆತಲೆ ಬಾತು ಎಲ್ಲೆಲ್ಲಿ ಎಷ್ಟಿವೆ?” ಎಂದು ಕೇಳಿದರೆ ಆ ಪ್ರಶ್ನೆ ಎಲ್ಲ ಕಂಪ್ಯೂಟರಿಗೂ ಹೋಗುತ್ತದೆ. ಪ್ರತಿಯೊಂದೂ ತನ್ನಲ್ಲಿರುವುದನ್ನು ಹೇಳುತ್ತದೆ. ಕೇಳಿದವರಿಗೆ ಒಟ್ಟು ಉತ್ತರ ಸಿಗುತ್ತದೆ. ಅದರಲ್ಲಿ ಕಣಕಟ್ಟೆಯೂ ಇರುತ್ತದೆ, ಎಣಿಸಿದವರು ಮರಿಯಣ್ಣ ಎಂದೂ ಇರುತ್ತದೆ.

ಕೊನೆಯಲ್ಲಿರುವ ಷರಾ ಕಾಲಂ ಖಾಲಿ ಬಿಟ್ಟಿದ್ದೀರಿ. ಹೇಗೆ ಎಣಿಸಿದಿರಿ ಎಂದು ಅಲ್ಲಿ ಬರೆಯಬೇಕು.

ಅತ್ತೆಗೆ ನನ್ನ ನಮಸ್ಕಾರ ಹೇಳಿ.

ನಿಮ್ಮ
ಇಂದು


ಕಣಕಟ್ಟೆ
22-3-2004

ಜರ್ಮನಿಯವರಿಗೆ ನನ್ನ ಹೆಸರು ಹೇಳಿಕೊಟ್ಟ ಇಂದುಗೆ,

ನಿನ್ನ ಕಾಗದವನ್ನು ಕಣಕಟ್ಟೆಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಬೇಡವೆಂದವರಿಗೂ ಓದಿದೆ. ಮಾರನೆಯ ದಿನ ಅರಸೀಕೆರೆಗೆ ಹೋಗಿ, ಆಮೇಲಿನ ಹಾಳೆಗಳನ್ನು ಟೈಪು ಮಾಡಿ ನಿನಗೆ ಕಳಿಸುವ ನಟರಾಜನ ಕಂಪ್ಯೂಟರ್ ಅಂಗಡಿಗೆ ನುಗ್ಗಿದೆ.

“ಎಲ್ಲೈತಪ್ಪಾ ನನ್ನ ಬಾತು, ತೋರ್ಸು.”

“ಹಕ್ಕಿ ಕಾಣಲ್ಲ ಕಣಣ್ಣ, ನಂಬರು ಕಾಣ್ತದೆ.”

“ನಂಬರು ನಾನೇ ಬರೆದಿದ್ದು. ಅದನ್ನ ನೋಡಾಕೆ ಬಸ್ ಚಾರ್ಜು ಕೊಟ್ಟು ಬರ್ಬೇಕಾ?”

ಆದರೂ ತೋರಿಸಿದ. ನನ್ನ ಹೆಸರಿನ ಕೆಳಗೆ ಹಳೇಬೀಡಿನ ವರದರಾಜ ಮೇಷ್ಟ್ರ ಹೆಸರಿತ್ತು. ರಿಟೈರಾದ ಡ್ರಾಯಿಂಗ್ ಮೇಷ್ಟ್ರು, ಅಲ್ಲಿಯ ದೊಡ್ಡ ಕೆರೆಯಲ್ಲಿ ಎಣಿಸುತ್ತಾರೆ ಎಂದು ನಟರಾಜ ಹೇಳಿದ. ಅವರ ಬಾತು 51. ರಾಜರು ಕಟ್ಟಿಸಿದ ಕೆರೆಗೆ ಐವತ್ತೊಂದು! ನನಗೆ ನಗು ತಡೆಯಲಾಗಲಿಲ್ಲ. ಅವರ ಅಡ್ರೆಸ್ ಇಸಿದುಕೊಂಡು ಒಂದು ಕಾರ್ಡು ಹಾಕಿದೆ: “ಮೇಷ್ಟ್ರೇ, ನಿಮ್ಮ ಕೆರೆಗೆ ದೇವಸ್ಥಾನ ನೋಡಲು ಜನ ಬರುತ್ತಾರೆ, ಹಕ್ಕಿಗಳು ನನ್ನಲ್ಲಿಗೆ ಬರುತ್ತವೆ.” ಅವರು ಉತ್ತರವಾಗಿ ಒಂದು ಬಾತಿನ ಚಿತ್ರ ಬರೆದು ಕಳಿಸಿದ್ದಾರೆ. ಬಾತು ಬಾಯಿ ತೆರೆದು ಜಂಬ ಕೊಚ್ಚುತ್ತಿದೆ. ಅದರ ತಲೆಗೆ ನನ್ನ ಥರ ಟವೆಲ್ ಸುತ್ತಿದ್ದಾರೆ. ನಾನು ಟವೆಲ್ ಸುತ್ತುತ್ತೇನೆಂದು ಅವರಿಗೆ ಹೇಳಿದವರು ಯಾರೋ ಗೊತ್ತಿಲ್ಲ.

ನೀನು ಹೇಳಿದ ಕಂಪ್ಯೂಟರ್ ಜಾಲ ನನಗೆ ಹೊಸದಲ್ಲ. ನಮ್ಮಲ್ಲಿ ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಒಂದೊಂದು ಕೆರೆ ಒಂದೊಂದು ಊರಿನದು, ನೀರು ಮಾತ್ರ ಎಲ್ಲರದು. ಮೇಲಿನ ಕೆರೆಯಲ್ಲಿ ಒಬ್ಬ ಎಮ್ಮೆ ತೊಳೆದರೆ ಕೆಳಗೆ ಅಷ್ಟೂ ಊರಿನವರು ಕುಡಿಯಬೇಕು. ನಿಮ್ಮದೂ ಅಷ್ಟೇ ತಾನೆ?

ಷರಾ ಕಾಲಮ್ಮಿನಲ್ಲಿ ಹೀಗೆ ಬರೆದಿದ್ದೇನೆ: ಹುಣಸೆಬೀಜದ ಲೆಕ್ಕ. ಬಲಜೇಬಿನಿಂದ ಎಡಜೇಬಿಗೆ ಬೀಜ ಹಾಕುತ್ತಾ ಎಣಿಸುವುದು. ತಪ್ಪುವ ಮಾತಿಲ್ಲ.

ಇಂತಿ
ಮರಿಯಣ್ಣ, ನೀರಗಂಟಿ, ಕಣಕಟ್ಟೆ ಮತ್ತು ಜರ್ಮನಿ


ಮೈಸೂರು
4-2-2005

ಮಾವನಿಗೆ,

ಈ ಸಲ ತಮಾಷೆಗೆ ಬರೆಯುತ್ತಿಲ್ಲ.

ಜನವರಿ 16ರ ಭಾನುವಾರ ನಮ್ಮ ಸಂಸ್ಥೆಯ ಇಬ್ಬರು ಕಣಕಟ್ಟೆಗೆ ಬಂದಿದ್ದರು. ನಿಮ್ಮ ಹಾಳೆಯಲ್ಲಿ ಬರೆದಿರುವ ಹೊತ್ತಿಗೇ ಅವರು ಆಚೆ ದಡದಿಂದ ಫೋಟೋ ತೆಗೆದರು. ನಿಮಗೆ ಹೇಳದೆ ಬಂದರು, ಅದು ನಿಯಮ. ಫೋಟೋದಲ್ಲಿ 407 ಬಾತುಗಳಿವೆ. ನಿಮ್ಮ ಹಾಳೆಯಲ್ಲಿ 324.

ಹೆಚ್ಚಾಗಿದ್ದರೆ ನನಗೆ ಅರ್ಥವಾಗುತ್ತಿತ್ತು. ಉಡವನ್ನು ಮೊಸಳೆ ಮಾಡುವವರು ಹಕ್ಕಿಯನ್ನು ಕಡಿಮೆ ಮಾಡಿದ್ದು ಹೇಗೆ?

ಇನ್ನೊಂದು ವಿಷಯ. ಅನುಮಾನ ಬಂದ ಮೇಲೆ ನಿಮ್ಮ ಎರಡು ಚಳಿಗಾಲದ ಇಪ್ಪತ್ತಾರು ಹಾಳೆಗಳನ್ನೂ ನಾನೇ ಕೂತು ನೋಡಿದೆ. ಒಂದು ಅಂಕಿಯೂ ಬಿಡದಂತೆ ಎಲ್ಲವೂ ನಾಲ್ಕರಿಂದ ಭಾಗವಾಗುತ್ತವೆ. ಹಕ್ಕಿಗಳು ನಾಲ್ಕು ನಾಲ್ಕಾಗಿ ಬರುವುದಿಲ್ಲ ಮಾವ. ನೀವು ಮನೆಯಲ್ಲೇ ಕೂತು ಬರೆಯುತ್ತೀರಿ ಎಂದು ಇಲ್ಲಿಯವರು ಹೇಳುತ್ತಿದ್ದಾರೆ. ಕಣಕಟ್ಟೆಯ ಹಾಳೆಗಳನ್ನು ಜಾಲದಿಂದ ತೆಗೆಯಬೇಕು ಎಂದೂ ಹೇಳುತ್ತಿದ್ದಾರೆ.

ತೆಗೆದರೆ ಏನಾಗುತ್ತದೆ ಎಂದು ನಿಮಗೆ ಗೊತ್ತಿರಲಿ. ಕೆರೆಯ ಪೂರ್ವದ ಅಂಚು ಮುಚ್ಚಿ ಗೋದಾಮು ಕಟ್ಟುವ ಮಾತು ನಡೆದಿದೆ. ಬಾತುಗಳು ಮೇಯುವುದು ಅದೇ ಅಂಚಿನಲ್ಲಿ. ಎರಡು ಚಳಿಗಾಲ ಒಂದೇ ಜಾತಿಯ ವಲಸೆ ಹಕ್ಕಿ ನಾನೂರು ದಾಟಿದ ಕೆರೆಗಳ ಪಟ್ಟಿಯನ್ನು ಮಾರ್ಚ್ 31ಕ್ಕೆ ಜಿಲ್ಲಾಡಳಿತಕ್ಕೆ ಕೊಡುತ್ತೇವೆ. ಪಟ್ಟಿಯಲ್ಲಿರುವ ಕೆರೆಯನ್ನು ಮುಟ್ಟುವ ಮುಂಚೆ ಅವರು ನಮ್ಮನ್ನು ಕೇಳಬೇಕು. ನಿಮ್ಮ ಅಂಕಿಗಳಲ್ಲಿ ಕಣಕಟ್ಟೆ ಒಂದು ಸಲವೂ ನಾನೂರು ಮುಟ್ಟಿಲ್ಲ.

ಏನು ನಡೆದಿದೆ ಎಂದು ಬರೆಯಿರಿ.

ಇಂದು


ಕಣಕಟ್ಟೆ
12-2-2005

ಇಂದುಗೆ,

ಫೋಟೋದಲ್ಲಿ ಹಕ್ಕಿಯೂ ಬರುತ್ತದೆ, ನೀರಿನಲ್ಲಿ ಅದರ ನೆರಳೂ ಬರುತ್ತದೆ. ನಿಮ್ಮವರು ನೆರಳನ್ನೂ ಎಣಿಸಿರಬೇಕು. ಓದಿದವರಿಗೆ ಇಂಥದ್ದೆಲ್ಲ ಆಗುತ್ತದೆ.

ಮನೆಯಲ್ಲಿ ಕೂತು ಬರೆಯುತ್ತೇನೆ ಎಂದವನನ್ನು ಒಂದು ಭಾನುವಾರ ಏರಿಯ ಮೇಲೆ ತಂದು ಕೂರಿಸು. ಬೆಳಿಗ್ಗೆ ಆರು ಗಂಟೆಯ ಗಾಳಿಗೆ ಅವನ ಮೂಗು ಅವನ ಹತ್ತಿರ ಉಳಿಯುತ್ತದೋ ನೋಡೋಣ.

ಇಷ್ಟಾದ ಮೇಲೂ ಏನಾದರೂ ಬರೆಯಲೇಬೇಕು ಎಂದಿದ್ದರೆ, ಮರಿಯಣ್ಣನ ಕಣ್ಣು ಮಂಜಾಗಿದೆ ಎಂದು ಬರೆದುಕೋ. ನನ್ನ ಅಭ್ಯಂತರವಿಲ್ಲ.

ನಿನ್ನ ಅತ್ತೆ ಚೆನ್ನಾಗಿದ್ದಾಳೆ.

ಮರಿಯಣ್ಣ


ಮೈಸೂರು
26-2-2005

ಮಾವನಿಗೆ,

ಆರು ಗಂಟೆಯ ಮಂಜಿನಲ್ಲಿ ಲಕ್ಕಪ್ಪನ ಎಮ್ಮೆಯನ್ನು ಬಾಲ ನೋಡಿ ಗುರುತು ಹಿಡಿಯುವವರು ನೀವು. ನಿಮ್ಮ ಕಣ್ಣು ಮಂಜಾಗಿದೆ ಎಂದು ನಾನು ಬರೆಯುವುದಿಲ್ಲ.

ನಿನ್ನೆ ಪಕ್ಕದ ಮನೆಯವರು ಅಮ್ಮನನ್ನು ಕೇಳಿದರು, ಕೋಳಿ ಎಷ್ಟು ಮರಿ ಮಾಡಿದೆ ಅಂತ. “ಅವೆ ಒಂದಷ್ಟು” ಅಂದಳು ಅಮ್ಮ. ನಾನು ಹುಟ್ಟಿದಾಗಿನಿಂದ ಅವಳು ಹೀಗೇ ಹೇಳುತ್ತಿದ್ದಾಳೆ. ನಾನು ಯಾಕೆ ಎಂದು ಕೇಳಿರಲಿಲ್ಲ. ನಿನ್ನೆ ಕೇಳಿದೆ. ಅಜ್ಜಿ ಹೇಳಿಕೊಟ್ಟದ್ದು ಅಂದಳು. ಮಿಕ್ಕದ್ದು ನಿನ್ನ ಮಾವನನ್ನೇ ಕೇಳು ಅಂದು ಒಳಗೆ ಹೋದಳು.

ಒಂದು ಹುಣಸೆಬೀಜಕ್ಕೆ ಎಷ್ಟು ಹಕ್ಕಿ ಮಾವ? ಅಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕಳಿಸಿ. ಮಾರ್ಚ್ ಇಪ್ಪತ್ತೈದರ ಒಳಗೆ ಸಿಗಬೇಕು. ಬೇರೇನೂ ಬೇಡ.

ಇಂದು


ಕಣಕಟ್ಟೆ
20-3-2005

ಇಂದುಗೆ,

ತಡವಾಯಿತು. ಈ ಕಾಗದವನ್ನು ಮೂರು ಸಲ ಬರೆದು ಒಲೆಗೆ ಹಾಕಿದೆ. ಹೀಗೆ ಆಗಿದ್ದು ಏಳನೇ ಕ್ಲಾಸಿನ ಪರೀಕ್ಷೆಯ ನಂತರ ಇದೇ ಮೊದಲು.

ನಾನು ಚಿಕ್ಕ ಹುಡುಗನಾಗಿದ್ದಾಗ ನಿನ್ನ ಅಜ್ಜಿ ಮೇಕೆ ಮೇಯಿಸಲು ಕಳಿಸುತ್ತಿದ್ದಳು. ಸಂಜೆ ದೊಡ್ಡಿಗೆ ಹೊಡೆಯುವಾಗ ಎಲ್ಲವನ್ನೂ ಎಣಿಸಿ ಕೂಗಿ ಹೇಳಿದೆ. ತಲೆಗೆ ಮೊಟಕಿದಳು. “ಜೀವ ಇರೋದನ್ನ ಪೂರ್ತಿ ಎಣಿಸಬಾರದು ಕಣ್ಲಾ. ಒಂದನ್ನ ಬಿಟ್ಟು ಹೇಳು. ಬಿಟ್ಟಿದ್ದು ಮಿಕ್ಕವುಕ್ಕೆ ಕಾವಲಿರ್ತೈತೆ.” ಅಂದಿನಿಂದ ನಾನು ರಾಗಿ ಎಣಿಸಿದರೂ, ತೆಂಗಿನಕಾಯಿ ಎಣಿಸಿದರೂ ಸರಿಯಾಗಿ ಹೇಳುತ್ತೇನೆ. ಮೇಕೆ, ಕೋಳಿ, ಮಕ್ಕಳು, ಇವುಗಳ ಲೆಕ್ಕ ಹೇಳುವುದಿಲ್ಲ. ಇಷ್ಟು ಜಂಬ ಕೊಚ್ಚುವವನು ಮೇಕೆ ಎಷ್ಟು ಎಂದು ಯಾಕೆ ಹೇಳುವುದಿಲ್ಲ ಎಂದು ಊರಿನಲ್ಲಿ ಯಾರೂ ಕೇಳಿಲ್ಲ. ಅವರೂ ಹೇಳುವುದಿಲ್ಲ.

ಒಂದು ಸಲ ಮಾತ್ರ ಹೇಳಿದೆ. 1981ರಲ್ಲಿ ಜನಗಣತಿಯವರು ಬಂದರು. ಷರ್ಟು ಹಾಕಿಕೊಂಡಿದ್ದ ಹುಡುಗ, ಪೆನ್ನು ಹಿಡಿದು ನನ್ನನ್ನು “ನೀವು” ಎಂದು ಮಾತಾಡಿಸಿದ. ನಮ್ಮ ಬೀದಿಗೆ ಬಂದು ಹಾಗೆ ಮಾತಾಡಿಸಿದವರು ಆಗ ಕಡಿಮೆ. ನನಗೆ ಹಿಗ್ಗು ಬಂತು. ಮಕ್ಕಳೆಷ್ಟು ಎಂದ. ಮೂರು ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದೆ. ಆ ಯುಗಾದಿಗೆ ಮೂವರಲ್ಲಿ ರಮಾ ಇರಲಿಲ್ಲ. ನಿನಗಿಂತ ನಾಲ್ಕು ತಿಂಗಳಿಗೆ ದೊಡ್ಡವಳು.

ಅದಕ್ಕೇ ನಿನ್ನ ಬಾತುಗಳನ್ನು ಐದು ಐದಾಗಿ ಎಣಿಸಿದೆ. ಐದಕ್ಕೆ ಒಂದು ಬೀಜ ಎಡಜೇಬಿಗೆ. ಕೊನೆಗೆ ಬೀಜ ಎಣಿಸಿ, ಒಂದಕ್ಕೆ ನಾಲ್ಕರಂತೆ ಬರೆದೆ. ಪ್ರತಿ ಐದನೆಯ ಹಕ್ಕಿಯನ್ನು ಕಾವಲಿಗೆ ಬಿಟ್ಟೆ. ಐದಕ್ಕೆ ಕಡಿಮೆ ಉಳಿದ ಬಿಡಿ ಹಕ್ಕಿಗಳನ್ನೂ ಬಿಟ್ಟೆ. ಅವು ಅಷ್ಟು ದೂರದಿಂದ ನಂಬಿ ಬಂದವು. ನಾನು ಬಾಯಿ ಬಿಟ್ಟು ಜರ್ಮನಿಗೆಲ್ಲ ಹೇಳಿ ಅವಕ್ಕೆ ಏನಾದರೂ ಆದರೆ?

ಮೊನ್ನೆ ಸರ್ವೆಯವರು ಬಂದು ಪೂರ್ವದ ಅಂಚಿನಲ್ಲಿ ಬಿಳಿ ಬಣ್ಣ ಬಳಿದ ಕಲ್ಲು ನೆಟ್ಟರು. ನಾನು ಬಂದು ಜಗುಲಿಯ ಮೇಲೆ ಕೂತೆ. ನಿನ್ನ ಕಾಗದವನ್ನು ಅನುಸೂಯಮ್ಮ ಪಕ್ಕದ ಮನೆಯವರಿಂದ ಓದಿಸಿಕೊಂಡಿದ್ದಳು. ಅವಳು ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ.

“ಅವತ್ತು ಬಾಣಾವರದ ಡಾಕ್ಟ್ರ ಹತ್ರ ಹೋಗಾಕೆ ಬಸ್ಸಿರಲಿಲ್ಲ. ಗಾಡಿ ಕಟ್ಟೋ ಹೊತ್ತಿಗೆ ಜ್ವರ ನೆತ್ತಿಗೇರಿತ್ತು. ಅದುಕ್ಕೆ ಹೋದ್ಲು. ನಿನ್ನ ಬಾಯಿಂದ ಅಲ್ಲ.”

ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ಈ ಮಾತು ಆಡಿರಲಿಲ್ಲ. ನಾನೂ ಕೇಳಿರಲಿಲ್ಲ. ಮೊರ ಕೆಳಗಿಟ್ಟು ಇನ್ನೂ ಒಂದು ಮಾತು ಹೇಳಿದಳು. “ಒಂದನ್ನ ಬಚ್ಚಿಟ್ಟು ಕೆರೇನೇ ಕಳ್ಕೊಂಡ್ರೆ, ಆ ಒಂದು ಎಲ್ಲಿ ಕೂತು ಕಾಯ್ತದೆ?”

ಕೆಳಗಿನದು ನಿಮ್ಮ ಷರಾ ಕಾಲಮ್ಮಿಗೆ.

“ಕಣಕಟ್ಟೆ ಕೆರೆಯ ನೀರಗಂಟಿ ಮರಿಯಣ್ಣನಾದ ನಾನು ಬರೆದುಕೊಟ್ಟದ್ದು. ನನ್ನ ಹಾಳೆಗಳಲ್ಲಿರುವ ಒಂದೊಂದು ನಾಲ್ಕೂ ಐದು. 2004ರ 332 ಎಂದರೆ 83 ಬೀಜ, 415 ಬಾತು. 2005ರ 324 ಎಂದರೆ 81 ಬೀಜ, 405 ಬಾತು, ಮೇಲೆ ಬಿಡಿ ಎರಡು. ನಿಮ್ಮ ಫೋಟೋ ಸರಿ. ನೆರಳು ಎಣಿಸಿಲ್ಲ.”

ಸಹಿ ಹಾಕಿದ್ದೇನೆ. ಇನ್ನು ಏನಾಗುತ್ತದೋ ಮುಂದಿನ ಚಳಿಗಾಲಕ್ಕೆ ತಿಳಿಯುತ್ತದೆ.

ಮರಿಯಣ್ಣ


ಮೈಸೂರು
18-4-2005

ಮಾವನಿಗೆ,

ನಿಮ್ಮ ಷರಾವನ್ನು ನಿಮ್ಮ ಮಾತಿನಲ್ಲೇ ಸೇರಿಸಿದ್ದೇವೆ, ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಬರೆದಿದ್ದೇವೆ. ಇಪ್ಪತ್ತಾರು ಹಾಳೆಗೂ ಅದು ಅನ್ವಯ. ಹಳೆಯ ಅಂಕಿಯನ್ನು ಅಳಿಸಿಲ್ಲ, ತಿದ್ದಿದ್ದು ಅದರ ಪಕ್ಕದಲ್ಲಿದೆ. ಇಲ್ಲಿ ಒಬ್ಬರು ಫೋಟೋದಲ್ಲಿ ಐದು ಐದಾಗಿ ಗೆರೆ ಎಳೆದು ನೋಡಿದರು. ಎಂಬತ್ತೊಂದು ಗೆರೆ, ಮೇಲೆ ಎರಡು. ಆಮೇಲೆ ಹಾಳೆ ತೆಗೆಯುವ ಮಾತನ್ನು ಕೈಬಿಟ್ಟರು.

ಕಣಕಟ್ಟೆ ಪಟ್ಟಿಗೆ ಸೇರಿತು. ಗೋದಾಮಿಗೆ ಬಾಣಾವರದ ರೈಲ್ವೆ ಗೇಟಿನ ಹತ್ತಿರ ಜಾಗ ನೋಡುತ್ತಿದ್ದಾರಂತೆ.

ರಮಾಳ ಫೋಟೋ ಒಂದು ಅಮ್ಮನ ಪೆಟ್ಟಿಗೆಯಲ್ಲಿದೆ. ನಾವಿಬ್ಬರೂ ಒಂದೇ ಬಟ್ಟೆಯ ಲಂಗ ಹಾಕಿದ್ದೇವೆ. ಪ್ರತಿ ಮಾಡಿಸಿ ಇದರ ಜೊತೆ ಕಳಿಸಿದ್ದೇನೆ.

ಇಂದು


ಕಣಕಟ್ಟೆ
16-1-2006

ಇಂದುಗೆ,

ನಿನ್ನೆ ಎಣಿಸಿದೆ. ಬೀಜ ಇಲ್ಲದೆ, ಬಿಡದೆ, ಒಂದೊಂದಾಗಿ, ಎರಡು ಸಲ. ಲಕ್ಕಪ್ಪನನ್ನೂ ಕೂರಿಸಿ ಒಂದು ಸಲ ಎಣಿಸಿದೆ. ಅವನದೂ ಅಷ್ಟೇ ಬಂತು.

316.

ನಾನೂರ ಏಳು ಇದ್ದವು. ನೀರು ಹೋದ ವರ್ಷಕ್ಕಿಂತ ಹೆಚ್ಚಿದೆ. ಪೂರ್ವದ ಅಂಚಿನ ಕಲ್ಲು ಕಿತ್ತು ಹೋಗಿದೆ. ಯಾರೂ ಬಲೆ ಹಾಕಿಲ್ಲ, ನಾನೇ ಕಾದಿದ್ದೇನೆ.

ನಿನ್ನ ಅತ್ತೆಗೆ ಅಂಕಿ ಹೇಳಿಲ್ಲ. ಅವಳು ಕೇಳಿಲ್ಲ.

ಮರಿಯಣ್ಣ


ಮೈಸೂರು
27-1-2006

ಮಾವನಿಗೆ,

ನಿಮ್ಮ ಕಾಗದ ಬಂದ ದಿನವೇ ನಾನು ಜಾಲದಲ್ಲಿ ಆ ಪ್ರಶ್ನೆ ಕೇಳಿದೆ. ಜರ್ಮನಿಯವರು ಕೇಳುತ್ತಾರೆ ಎಂದು ಹೇಳಿದ್ದೆನಲ್ಲ, ಅದೇ ಪ್ರಶ್ನೆ. ಈ ವಾರ ಪಟ್ಟೆತಲೆ ಬಾತು ಎಲ್ಲೆಲ್ಲಿ ಎಷ್ಟಿವೆ?

ಹಳೇಬೀಡಿನಲ್ಲಿ ಹೋದ ವರ್ಷ ಇದೇ ಭಾನುವಾರ 48 ಇದ್ದವು. ಈ ವರ್ಷ 171. ವರದರಾಜ ಮೇಷ್ಟ್ರು ಷರಾದಲ್ಲಿ “ಇಷ್ಟು ಯಾಕೆ ಬಂದವೋ ತಿಳಿಯದು” ಎಂದು ಬರೆದಿದ್ದಾರೆ. ನಿಮ್ಮದೂ ಅವರದೂ ಸೇರಿಸಿದರೆ ಹೋದ ವರ್ಷ 455. ಈ ವರ್ಷ 487.

ನಿಮ್ಮಲ್ಲಿ ಇಲ್ಲದ ಹಕ್ಕಿಗಳೇ ಅಲ್ಲಿ ಇಳಿದವು ಎಂದು ಯಾವ ಕಂಪ್ಯೂಟರೂ ಹೇಳುವುದಿಲ್ಲ. ನಾನೂ ಹೇಳಲಾರೆ. ಅವಕ್ಕೆ ಹೆಸರಿಲ್ಲ. ಆದರೆ ಕಣಕಟ್ಟೆಯ ಹಾಳೆಯೊಂದನ್ನೇ ನೋಡಿದರೆ ಕಡಿಮೆಯಾಗಿದೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಕಡಿಮೆಯಾಗಿಲ್ಲ. ಧಾರವಾಡದ ಉತ್ತರವನ್ನೂ ನೋಡಿದೆ. ಅಲ್ಲಿಯೂ ಕಡಿಮೆಯಾಗಿಲ್ಲ.

ಅತ್ತೆಗೆ ಹೇಳಿ.

ಇಂದು


ಕಣಕಟ್ಟೆ
6-2-2006

ಇಂದುಗೆ,

ಕಾರ್ಡಿನಲ್ಲಿ ಜಾಗ ಕಡಿಮೆ. ವರದರಾಜ ಮೇಷ್ಟ್ರಿಗೂ ಒಂದು ಕಾರ್ಡು ಹಾಕಿದ್ದೇನೆ: “ನನ್ನ ಬಾತುಗಳು ನಿಮ್ಮ ಕೆರೆಗೆ ದೇವಸ್ಥಾನ ನೋಡಲು ಬಂದಿವೆ. ಚೆನ್ನಾಗಿ ನೋಡಿಕೊಳ್ಳಿ.” ಉತ್ತರಕ್ಕೆ ಇನ್ನೊಂದು ಚಿತ್ರ ಬಂದಿದೆ. ಟವೆಲ್ ಸುತ್ತಿದ ಬಾತು ಹಳೇಬೀಡಿನ ಬಸ್ಸಿನ ಟಾಪಿನ ಮೇಲೆ ಕೂತಿದೆ. ಕಂಡಕ್ಟರು ಟಿಕೆಟ್ ಕೇಳುತ್ತಿದ್ದಾನೆ. ಗೋಡೆಗೆ ಅಂಟಿಸಿದ್ದೇನೆ, ರಮಾಳ ಫೋಟೋ ಪಕ್ಕದಲ್ಲಿ.

ಅನುಸೂಯಮ್ಮನಿಗೆ ಎರಡೂ ಕೆರೆಯ ಅಂಕಿ ಹೇಳಿದೆ. “ಸರಿ” ಅಂದಳು.

ನಿನ್ನ ಅಮ್ಮನಿಗೆ ತಿಳಿಸು. ಕರಿಮೇಕೆ ಮರಿ ಹಾಕಿದೆ.

ಮೂರು.

ಮರಿಯಣ್ಣ